ಕೊಳಚೆನೀರಿನಲ್ಲಿ ಹರಿದುಹೋಗುವ ರಂಜಕ

ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ 1669ರಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿಯು ಚಿನ್ನವನ್ನು ಪಡೆಯುವ ಹಂಬಲದಿಂದ ಮೂತ್ರವನ್ನು ಕೊಳೆಯಿಸಿ, ಕುದಿಸಿ, ಬತ್ತಿಸಿ, ಉಳಿದ ಗಷ್ಟನ್ನು ತೀವ್ರವಾದ ಉರಿಯಲ್ಲಿ ಕಾಸಿದನು. ಚಿನ್ನ ದೊರೆಯಲಿಲ್ಲ. ಕತ್ತಲೆಯಲ್ಲಿ ತಾನೇ ತಾನಾಗಿ ಹೊಳೆಯುವ ಮೇಣದಂಥ ವಸ್ತುವೊಂದು ದೊರೆಯಿತು. ಬೆಳಕನ್ನು ಹೊತ್ತದ್ದು ಎಂಬರ್ಥದ ಗ್ರೀಕ್ ಮೂಲದಿಂದ ಅದಕ್ಕೆ ಫಾಸ್ಫರಸ್ ಎಂಬ ಹೆಸರಾಯಿತು. ನಮ್ಮ ಪಠ್ಯಗಳಲ್ಲಿ ಅದು ರಂಜಕ. ಆತನು ಹೇಸದೆ ಮಾಡಿದ ಕಾರ್ಯವನ್ನು ಅದೇ ದೇಶವು ಇಂದು ಕಾಯಿದೆಯ ಮೂಲಕ ಊರೂರಿಗೆ ಮಾಡಿಸಹೊರಟಿದೆ. ನಮ್ಮ ಓದುಗರಲ್ಲಿ ಒಕ್ಕಲುತನದ ಮನೆತನಗಳು ಬಹಳವಾಗಿರುವುದರಿಂದ ಈ ಸಂಗತಿಯನ್ನು ಇಲ್ಲಿ ವಿವರಿಸಬಯಸುತ್ತೇವೆ.

ರಂಜಕವಿಲ್ಲದೆ ಬೇರು ಇಳಿಯದು, ಕಾಳು ಕಟ್ಟದು. ಸಾರಜನಕವನ್ನು ಗಾಳಿಯಿಂದ ಪಡೆಯಬಹುದು. ರಂಜಕಕ್ಕೆ ನೆಲವನ್ನೇ ಅಗೆಯಬೇಕು. ಜಗತ್ತಿನ ರಂಜಕಶಿಲೆಯ ನಿಕ್ಷೇಪದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೊರಾಕೊ ಹಾಗೂ ಪಶ್ಚಿಮ ಸಹಾರಾದಲ್ಲಿದೆ. ರಾಜಸ್ಥಾನದ ಝಾಮರ್‌ಕೋಟ್ರಾದಲ್ಲಿ ಗಣಿಯಿದ್ದರೂ ಭಾರತವು ತನಗೆ ಬೇಕಾದುದರ ಬಹುಭಾಗವನ್ನು ಶಿಲೆಯಾಗಿಯೋ ಆಮ್ಲವಾಗಿಯೋ ಸಿದ್ಧಗೊಬ್ಬರವಾಗಿಯೋ ಹೊರಗಿನಿಂದಲೇ ತರಿಸುತ್ತದೆ. ಮುಂಗಾರಿನ ಹೊಸ್ತಿಲಲ್ಲಿ ಡಿಎಪಿ ಚೀಲಕ್ಕಾಗಿ ಸೊಸೈಟಿಯ ಮುಂದೆ ಪಾಳಿ ನಿಂತವರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆ ಚೀಲದ ರಂಜಕದಲ್ಲಿ ಬೆಳೆ ಹೀರಿಕೊಂಡದ್ದು ಕಾಳಿನೊಡನೆ ಪೇಟೆಗೆ ಹೋಗುತ್ತದೆ. ಅಲ್ಲಿಂದ ತಾಟಿಗೆ, ತಾಟಿನಿಂದ ಚರಂಡಿಗೆ. ಒಬ್ಬ ಮನುಷ್ಯನ ಶರೀರದಿಂದ ದಿನಕ್ಕೆ ಒಂದು ಗ್ರಾಮಿಗೂ ತುಸು ಮಿಗಿಲಾಗಿ ರಂಜಕ ಹೊರಬೀಳುತ್ತದೆ, ಅರ್ಧಕ್ಕಿಂತ ಹೆಚ್ಚು ಮೂತ್ರದಲ್ಲಿಯೇ. ಹೊಲದಿಂದ ಬಂದದ್ದು ಹೊಲಕ್ಕೆ ಮರಳುವುದಿಲ್ಲ, ಕೆರೆ ಸೇರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ಎಲ್ಲರೂ ಬಲ್ಲರು. ನೊರೆಗೆ ಮುಖ್ಯ ಕಾರಣ ಬಟ್ಟೆ ತೊಳೆಯುವ ಪುಡಿಯ ರಾಸಾಯನಿಕಗಳು; ಆದರೆ ಆ ಕೆರೆಯನ್ನು ಮುಚ್ಚಿದ ಕಳೆಯನ್ನು ಸಾಕಿದ್ದು ಕೊಳಚೆಯೊಡನೆ ಬಂದ ಈ ಸಾರವೇ. ಹೊಲಕ್ಕೆ ಹಣ ಕೊಟ್ಟು ತಂದ ಗೊಬ್ಬರದಿಂದ ನಾವು ಕೆರೆಯಲ್ಲಿ ಕಳೆ ಬೆಳೆದೆವು!

ಇದನ್ನು ಹಿಂದಕ್ಕೆ ಪಡೆಯುವ ಬಗೆಯನ್ನು ತೋರಿದ್ದು ಒಂದು ಕಲ್ಲು. 1845ರಲ್ಲಿ ಅದೇ ಹ್ಯಾಂಬರ್ಗ್‌ನ ಹಳೆಯ ಮಲಿನ ನೆಲದಲ್ಲಿ ಹರಳುಗಳು ಕಂಡುಬಂದವು. ಸ್ಟ್ರೂವೆ ಎಂಬ ವಿದ್ವಾಂಸನ ಗೌರವಾರ್ಥ ಅವುಗಳಿಗೆ ಸ್ಟ್ರೂವೈಟ್ ಎಂದು ಹೆಸರಿಟ್ಟರು. ಮೆಗ್ನೀಸಿಯಂ, ಅಮೋನಿಯಾ, ರಂಜಕ ಕೂಡಿದಲ್ಲಿ ಅದು ತಾನಾಗಿ ಹರಳುಗಟ್ಟುತ್ತದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಒಂದು ಬಗೆಯೂ ಇದೇ. ಶುದ್ಧೀಕರಣ ಘಟಕಗಳ ಕೊಳವೆಗಳಲ್ಲಿ ಈ ಕಲ್ಲು ಕಟ್ಟಿಕೊಂಡು ಯಂತ್ರಜ್ಞರಿಗೆ ದೊಡ್ಡ ಪೀಡೆಯಾಗಿತ್ತು. ಕೊಳವೆಯಲ್ಲಿ ಬೇಡದ ಕಡೆ ಕಟ್ಟುವುದನ್ನು ಬೇಕಾದ ಕಡೆಯೇ ಕಟ್ಟಿಸಬಾರದೇಕೆ ಎಂಬ ಯೋಚನೆ ಹುಟ್ಟಿತು. ಘಟಕದ ರಾಡಿಯನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿ ಹಿಂಡಿದಾಗ ಬರುವ ನೀರಿಗೆ ಮೆಗ್ನೀಸಿಯಂ ಲವಣವನ್ನು ಬೆರೆಸಿ ಕ್ಷಾರಗುಣವನ್ನು ಏರಿಸಿದರೆ ಬಿಳಿಯ ಕಾಳುಗಳು ಬೆಳೆಯುತ್ತವೆ. ಅಮೆರಿಕದ ಆರೆಗಾನ್ ರಾಜ್ಯದ ಡರ್ಹ್ಯಾಮ್ ಘಟಕವು 2009ರಿಂದ ಹೀಗೆ ಗೊಬ್ಬರ ತೆಗೆಯತೊಡಗಿತು. ಈ ಕಾಳು ನೀರಿನಲ್ಲಿ ಬೇಗ ಕರಗದು, ಬೇರು ಸೂಸುವ ಆಮ್ಲಕ್ಕೆ ಮೆಲ್ಲಗೆ ಕರಗುವುದು. ಮಳೆಗೆ ಕೊಚ್ಚಿಹೋಗುವ ಭಯ ಕಡಿಮೆ.

ಆದರೆ ಈ ವಿಧಾನದಿಂದ ದೊರೆಯುವುದು ಘಟಕಕ್ಕೆ ಬಂದ ರಂಜಕದ ಒಂದು ಪಾಲು ಮಾತ್ರ. ಮಿಕ್ಕದ್ದು ರಾಡಿಯಲ್ಲಿಯೇ ಉಳಿಯುತ್ತದೆ. ಆ ರಾಡಿಯನ್ನು ನೇರವಾಗಿ ಹೊಲಕ್ಕೆ ಸುರಿಯೋಣವೆಂದರೆ ಕಾರ್ಖಾನೆಗಳ ಸೀಸ, ಕ್ಯಾಡ್ಮಿಯಂ, ಔಷಧಿಗಳ ಶೇಷ, ರೋಗಾಣುಗಳು ಜೊತೆಯಲ್ಲಿವೆ. ಆದುದರಿಂದ ಜರ್ಮನರು ರಾಡಿಯನ್ನು ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಲೋಹಗಳನ್ನು ಬೇರ್ಪಡಿಸುವ ಮಾರ್ಗವನ್ನೂ ಹಿಡಿದಿದ್ದಾರೆ. 2017ರಲ್ಲಿ ತಿದ್ದಿದ ಅವರ ನಿಯಮದಂತೆ ಒಂದು ಲಕ್ಷ ಜನರಿಗೆ ಮೀರಿದ ಸಾಮರ್ಥ್ಯದ ಘಟಕಗಳು 2029ರಿಂದ, 50,000ಕ್ಕೆ ಮೀರಿದವು 2032ರಿಂದ ರಂಜಕವನ್ನು ಮರಳಿ ಪಡೆಯಲೇಬೇಕು; ಬೂದಿಯಿಂದಾದರೆ ಶೇಕಡಾ 80ರಷ್ಟು. ಇದು ಅಗ್ಗದ ಕೆಲಸವಲ್ಲ.

ಅಂಥ ಕುಲುಮೆಗಳು ನಮ್ಮಲ್ಲಿ ತಕ್ಷಣ ಬರಲಾರವು. ಬರಬೇಕೆಂದು ನಾವೂ ಹಟ ಹಿಡಿಯುವುದಿಲ್ಲ. ಚರಂಡಿಯ ನೀರೆಲ್ಲ ಘಟಕವನ್ನೇ ಮುಟ್ಟದಿರುವಾಗ ಬೂದಿಯ ಮಾತೆಲ್ಲಿ? ಆದರೆ ಕಾರ್ಖಾನೆಯ ಕೊಳೆ ಬೆರೆಯದ ಚಿಕ್ಕ ಊರುಗಳಿಗೆ ಸರಳವಾದ ದಾರಿಯುಂಟು. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕಕ್ಕೆ ಮನೆಗಳ ಶೌಚಗುಂಡಿಯ ರಾಡಿ ಟ್ಯಾಂಕರಿನಲ್ಲಿ ಬರುತ್ತದೆ. ಅದನ್ನು ಕೊಳೆಯಿಸಿ, ಒಣಗಿಸಿ, ಊರಿನ ಹಸಿ ಕಸದೊಡನೆ ಸೇರಿಸಿ, ರೋಗಾಣುಗಳು ಸಾಯುವಷ್ಟು ಕಾವೇರುವಂತೆ ಗೊಬ್ಬರ ಮಾಡುವ ಪದ್ಧತಿಯನ್ನು ಅಲ್ಲಿ ರೂಢಿಸಿ, ಆ ಗೊಬ್ಬರವನ್ನು ಸುತ್ತಲಿನ ರೈತರಿಗೆ ಮುಟ್ಟಿಸಲಾಯಿತು.