ಹಳೇ ಜೀಪಿನ ಗೇರ್‌ಬಾಕ್ಸ್ ಯಾವುದು? ಆರ್‌ಸಿ ಬುಕ್ ಹೇಳಂಗಿಲ್ಲ

ನಮ್ಮ ಕೊಗನೊಳ್ಳಿ ಕಡೆ ಹಳೇ ಮಹೀಂದ್ರಾ ಜೀಪಿಗೆ ಭಾಗ ಬೇಕಂದ್ರ ನಿಪ್ಪಾಣಿ, ಇಲ್ಲಾ ಕೊಲ್ಹಾಪುರ. ಅಂಗಡಿಯವರ ಮೊದಲ ಪ್ರಶ್ನೆ: ‘ಯಾವ ಮಾಡೆಲ್?’ ನಾನು ಬಿ.ಕಾಂ. ಓದಿದವ, ಕಾಗದಪತ್ರ ನಂಬಾವ. ಇಲ್ಲಿ ಮಾತ್ರ ನಂಬಂಗಿಲ್ಲ. ಇಷ್ಟು ವರ್ಷದಾಗ ಯಾರೋ ಗೇರ್‌ಬಾಕ್ಸನ್ನೇ ಬದಲಿಸಿರಬಹುದು. ಗಾಡಿ ಕೆಳಗ ಮಲಗಿ ನೋಡ್ರಿ.

ಗೇರ್‌ಬಾಕ್ಸ್ ಬೆನ್ನಿಗೇ ಟ್ರಾನ್ಸ್‌ಫರ್ ಕೇಸ್ ಅಂಟಿಕೊಂಡು, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ನಡುಮಧ್ಯೆ ಇರದೆ ಒಂದು ಪಕ್ಕಕ್ಕೆ ಹೊರಟಿದ್ದರೆ, ಅದು ವಿಲ್ಲಿಸ್ ಕಾಲದ ಸ್ಪೈಸರ್ 18 ಇರೋ ಸಾಧ್ಯತೆ ಹೆಚ್ಚು. ಮಾರುತಿ ಜಿಪ್ಸಿಯಲ್ಲಾದರೆ ಎರಡೂ ಬೇರೆ ಬೇರೆ, ನಡುವೆ ಒಂದು ಗಿಡ್ಡ ಶಾಫ್ಟ್.

ಸ್ಪೈಸರ್ 18ರ ಹಿಂಬದಿಗೆ ದುಂಡನೆಯ ಮುಚ್ಚಳ ಐತಿ. ಬಿಚ್ಚಿದರೆ ಮೇನ್‌ಶಾಫ್ಟ್ ಗೇರ್ ಕಾಣತೈತಿ (ಕೆಳಗೊಂದು ತಟ್ಟೆ ಇಡ್ರಿ, ಆಯಿಲ್ ಸೋರಬಹುದು). ಹಲ್ಲು ಎಣಿಸಿ ಬರಕೊಳ್ರಿ. ಇದಕ್ಕೆ ಕೂಡೋ ಇಂಟರ್‌ಮೀಡಿಯೆಟ್ ಗೇರ್‌ನದ್ದೇ ದೊಡ್ಡ ತಕರಾರು: ಅದರ ಶಾಫ್ಟ್ 3/4, 1-1/8, 1-1/4 ಇಂಚು ಅಂತ ಮೂರು ದಪ್ಪದಾಗ ಬಂದೈತಿ. ಹೊರಗಿಂದ ನೋಡಿದರೆ ಡಬ್ಬಿ ಒಂದೇ ಥರ! ಅಳತೆ ತಪ್ಪಿದರೆ ಗೇರ್ ಕೂಡಂಗಿಲ್ಲ, ಗುಜರಿಯವರು ವಾಪಸ್ ತಗೊಳ್ಳೋದೂ ಕಷ್ಟ. ಹಳೇ ಗೇರ್, ಶಾಫ್ಟ್ ಎರಡನ್ನೂ ಚೀಲದಾಗ ಹಾಕ್ಕೊಂಡೇ ಹೋಗ್ರಿ, ಜೋಡಿಗೊಂದು ವರ್ನಿಯರ್ ಕ್ಯಾಲಿಪರ್.