ಗಣಕಯಂತ್ರಕ್ಕೊಬ್ಬ ನೀರಗಂಟಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ನದಿಯನ್ನು ನಂಬಿ ಬೇಸಾಯ ಮಾಡುವಂತಿಲ್ಲ. ಆದಕಾರಣ ಅಲ್ಲಿನ ಪೂರ್ವಿಕರು ಕೆರೆಗಳನ್ನು ಕಟ್ಟಿದರು. ಕೆರೆಯ ನೀರನ್ನು ಹಂಚಲು ನೀರಗಂಟಿಯನ್ನು ನೇಮಿಸಿದರು. ತೂಬನ್ನು ಎಷ್ಟು ತೆರೆಯಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಮಳೆ ಕಡಮೆಯಾದ ವರ್ಷ ಯಾರ ಸರದಿಯನ್ನು ಎಷ್ಟಕ್ಕೆ ಇಳಿಸಬೇಕು ಎಂಬುದೆಲ್ಲ ಅವನ ಹೊಣೆ. ಬೆಳೆ ತೆಗೆಯುವುದು ಅವನ ಕೆಲಸವಲ್ಲ. ಆದರೆ ಅವನಿಲ್ಲದೆ ಹೋದರೆ ಮೇಲಿನ ಗದ್ದೆಯವನು ನೀರನ್ನೆಲ್ಲ ತನ್ನ ಕಡೆಗೇ ತಿರುಗಿಸಿಕೊಂಡಾನು. ಕೆಳಗಿನ ಗದ್ದೆ ಒಣಗೀತು.

ನಮ್ಮ ಮನೆಯ ಗಣಕಯಂತ್ರದೊಳಗೂ ಇಂತಹದೇ ಒಂದು ಹಂಚಿಕೆಯ ಪ್ರಶ್ನೆ ಇದೆ. ಲೆಕ್ಕ ಮಾಡುವ ಸಂಸ್ಕಾರಕದ ವೇಳೆ, ನೆನಪಿನ ಕೋಶಗಳು, ತಟ್ಟೆಯ ಮೇಲಿನ ಸ್ಥಳ, ಕೀಲಿಮಣೆ, ತೆರೆ, ಮುದ್ರಕ - ಇವೆಲ್ಲ ಮಿತವಾದ ಸಂಪತ್ತು. ನೀವು ಪತ್ರ ಬರೆಯುತ್ತ, ಹಾಡು ಕೇಳುತ್ತ, ನಡುವೆ ಅಂತರಜಾಲದ ಪುಟವೊಂದನ್ನು ತೆರೆದಾಗ ಹತ್ತಾರು ಕ್ರಮವಿಧಿಗಳು ಏಕಕಾಲದಲ್ಲಿ ಈ ಸಂಪತ್ತಿಗೆ ಕೈಯೊಡ್ಡುತ್ತವೆ. ಇವುಗಳ ಮೇಲೆ ಕುಳಿತು, ಒಂದೊಂದಕ್ಕೂ ಸೆಕೆಂಡಿನ ಕೆಲವು ಸಾವಿರಾಂಶಗಳಷ್ಟು ಕಾಲವನ್ನು ಸರದಿಯ ಮೇಲೆ ಕೊಟ್ಟು, ಒಂದರ ನೆನಪಿನ ಪಾತಿಗೆ ಇನ್ನೊಂದು ನುಗ್ಗದಂತೆ ಬದುಗಳನ್ನು ಕಾಯುವ ಹಿರಿಯ ಕ್ರಮವಿಧಿಯೇ ಕಾರ್ಯನಿರ್ವಾಹಕ ವ್ಯವಸ್ಥೆ. ರೂಢಿಯ ಮಾತಿನಲ್ಲಿ ಆಪರೇಟಿಂಗ್ ಸಿಸ್ಟಂ. ಸರದಿ ಬಹು ಬೇಗ ಸುತ್ತುವುದರಿಂದ ಎಲ್ಲ ಕೆಲಸಗಳೂ ಒಟ್ಟಿಗೆ ನಡೆಯುತ್ತಿವೆಯೆಂದು ನಮಗೆ ಭಾಸವಾಗುತ್ತದೆ, ಅಷ್ಟೆ.

ಊರಿನ ನೀರಗಂಟಿ ಊರವರ ಕಣ್ಣೆದುರಿಗೆ ಕೆಲಸ ಮಾಡುತ್ತಾನೆ. ಹಂಚಿಕೆ ತಪ್ಪಿದರೆ ಕೇಳುವವರುಂಟು. ಗಣಕಯಂತ್ರದ ನೀರಗಂಟಿ ಯಾರ ಮಾತನ್ನು ಕೇಳುತ್ತಾನೆ? ಬಹುಪಾಲು ಮನೆಗಳಲ್ಲಿರುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ಅದರ ಮೂಲಸಂಕೇತ, ಎಂದರೆ ಮನುಷ್ಯರು ಓದಿ ತಿದ್ದಬಹುದಾದ ರೂಪದ ಬರವಣಿಗೆ, ಸಂಸ್ಥೆಯ ಬಳಿಯೇ ಉಳಿಯುತ್ತದೆ. ನಮ್ಮ ಕೈಗೆ ಬರುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಸೊನ್ನೆ ಒಂದುಗಳ ಸರಣಿ, ಅದನ್ನು ಬಳಸುವ ಪರವಾನಗಿಯೊಂದಿಗೆ.

ಇದರಿಂದೊದಗುವ ಕಷ್ಟ ೨೦೨೫ರಲ್ಲಿ ಅನೇಕರ ಅನುಭವಕ್ಕೆ ಬಂದಿತು. ೨೦೧೫ರ ಜುಲೈ ತಿಂಗಳಲ್ಲಿ ಹೊರಬಂದ ವಿಂಡೋಸ್ ೧೦ಕ್ಕೆ ಉಚಿತ ರಕ್ಷಣಾ ಪರಿಷ್ಕರಣೆಗಳು ೨೦೨೫ರ ಅಕ್ಟೋಬರ್ ೧೪ರಂದು ನಿಂತವು. ಇನ್ನು ಸ್ವಲ್ಪ ಕಾಲ ಅವುಗಳನ್ನು ಪಡೆಯುವ ಏರ್ಪಾಡೊಂದನ್ನು ಸಂಸ್ಥೆ ಮಾಡಿತಾದರೂ ಅದು ಮುಂದೂಡಿಕೆಯೇ ಹೊರತು ಪರಿಹಾರವಲ್ಲ. ವಿಂಡೋಸ್ ೧೧ಕ್ಕೆ ಹೋಗೋಣವೆಂದರೆ ಅದು ಟಿಪಿಎಂ ೨.೦ ಎಂಬ ರಕ್ಷಣಾ ಬಿಲ್ಲೆಯನ್ನೂ ಹೊಸ ಪೀಳಿಗೆಯ ಸಂಸ್ಕಾರಕವನ್ನೂ ಕೇಳುತ್ತದೆ. ರೇಷ್ಮೆಗೂಡಿನ ಅಥವಾ ಟೊಮ್ಯಾಟೊ ಬೆಳೆಯ ಒಂದು ಹಂಗಾಮಿನ ಹಣವನ್ನು ಸುರಿದು ಮಗಳ ವ್ಯಾಸಂಗಕ್ಕೆಂದು ಯಂತ್ರ ಕೊಂಡ ಮನೆಯವರಿಗೆ ಇದರ ಅರ್ಥವೇನು? ಯಂತ್ರದ ಒಂದು ತಂತಿಯೂ ಸುಟ್ಟಿಲ್ಲ, ಒಂದು ಕೀಲಿಯೂ ಸವೆದಿಲ್ಲ. ಆದರೂ ಅದು ಹಳತಾಯಿತು. ಕೆರೆಯಲ್ಲಿ ನೀರಿದೆ, ನೀರಗಂಟಿ ಊರು ಬಿಟ್ಟಿದ್ದಾನೆ.

ಇನ್ನೊಬ್ಬ ನೀರಗಂಟಿಯನ್ನು ಕರೆತರಬಹುದೆ? ಬರುತ್ತದೆ, ಹಣವಿಲ್ಲದೆಯೂ ಬರುತ್ತದೆ ಎಂಬುದೇ ಈ ಲೇಖನದ ವಿಷಯ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ರಚಿಸತೊಡಗಿದರು. ಅದರ ಕಟ್ಟಡ ಸೊಗಸಾಗಿತ್ತು, ಆದರೆ ಅದು ಸ್ವತ್ತಾಗಿತ್ತು. ೧೯೮೩ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರು ಯೂನಿಕ್ಸಿನಂತೆಯೇ ಕೆಲಸ ಮಾಡುವ, ಆದರೆ ಎಲ್ಲರೂ ಓದಿ, ತಿದ್ದಿ, ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. ಅವರ ಜಾಣ್ಮೆ ಎದ್ದು ಕಾಣುವುದು ೧೯೮೯ರಲ್ಲಿ ಬರೆದ ಪರವಾನಗಿ ಪತ್ರದಲ್ಲಿ: ಈ ಕ್ರಮವಿಧಿಯನ್ನು ಯಾರಾದರೂ ತಿದ್ದಿ ಹಂಚಬಹುದು, ಮಾರಲೂಬಹುದು, ಆದರೆ ಹಂಚುವಾಗ ತಮ್ಮ ತಿದ್ದುಪಡಿಯ ಮೂಲಸಂಕೇತವನ್ನೂ ಅದೇ ಸ್ವಾತಂತ್ರ್ಯದೊಡನೆ ಕೊಡತಕ್ಕದ್ದು. ಕೃತಿಸ್ವಾಮ್ಯದ ಕಾನೂನನ್ನೇ ಹಿಡಿದು ಕೃತಿಯನ್ನು ಮುಕ್ತವಾಗಿರಿಸುವ ಉಪಾಯವಿದು. ಸ್ವಾತಂತ್ರ್ಯಕ್ಕೂ ಪುಕ್ಕಟೆಗೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದರಿಂದ ಅಲ್ಲಿ ಬಹಳ ಗೊಂದಲವಾಯಿತು. ಕನ್ನಡದಲ್ಲಿ ಮುಕ್ತ ಬೇರೆ, ಉಚಿತ ಬೇರೆ. ನಮಗೆ ಆ ತೊಡಕಿಲ್ಲ.

ಗ್ನೂವಿನ ಅಂಗೋಪಾಂಗಗಳು ಸಿದ್ಧವಾದರೂ ನಡುವಿನ ತಿರುಳು ಸಿದ್ಧವಾಗಿರಲಿಲ್ಲ. ೧೯೯೧ರ ಆಗಸ್ಟ್ ತಿಂಗಳಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ೨೧ ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಅಂತಹ ತಿರುಳೊಂದನ್ನು ಬರೆಯುತ್ತಿರುವುದಾಗಿ ತಿಳಿಸಿ ಇತರರ ಅಭಿಪ್ರಾಯ ಕೇಳಿದ. ಅದೇ ಲಿನಕ್ಸ್. ಮರುವರ್ಷ ಅದನ್ನೂ ಸ್ಟಾಲ್ಮನ್ನರ ಪರವಾನಗಿಯಡಿ ತಂದುದರಿಂದ ತಿರುಳೂ ಅಂಗಗಳೂ ಕೂಡಿದವು. ಹವ್ಯಾಸಿಯ ಆ ಕೃತಿ ಎಲ್ಲಿಯವರೆಗೆ ಬೆಳೆಯಿತೆಂದರೆ, ೨೦೧೭ರ ನವೆಂಬರಿನ ಪಟ್ಟಿಯಿಂದ ಮೊದಲ್ಗೊಂಡು ಜಗತ್ತಿನ ೫೦೦ ಅತಿವೇಗದ ಗಣಕಯಂತ್ರಗಳೆಲ್ಲವೂ ಅದರಿಂದಲೇ ನಡೆಯುವಂತಾಯಿತು. ಆಂಡ್ರಾಯ್ಡ್ ದೂರವಾಣಿಗಳ ತಿರುಳೂ ಲಿನಕ್ಸೇ. ಎಂದಮೇಲೆ ಓದುಗರಲ್ಲಿ ಬಹುಮಂದಿ ಅದನ್ನು ಅರಿಯದೆಯೇ ಕಿಸೆಯಲ್ಲಿ ಹೊತ್ತು ತಿರುಗುತ್ತಿದ್ದಾರೆ. ನಮ್ಮ ನಾಡಿಗೂ ಇದು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಸ್ಥಳೀಯ ತಂತ್ರಜ್ಞರೂ ಸೇರಿ ರೂಪಿಸಿದ, ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವೂ ಲಿನಕ್ಸಿನದೇ. ಅದು ಮಾರುಕಟ್ಟೆಯಲ್ಲಿ ಸೋತಿತು. ಅದು ಬೇರೆ ಕಥೆ.

ಕನ್ನಡ ಮಕ್ಕಳು ದಿನನಿತ್ಯ ಇದನ್ನು ಬಳಸಿ ಕಲಿಯುವ ಜಾಗವೊಂದಿದೆ: ಕಾಸರಗೋಡು. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಹಲವು ವರ್ಷಗಳಿಂದ ಮುಕ್ತ ವ್ಯವಸ್ಥೆಯನ್ನೇ ಕಲಿಸುತ್ತ ಬಂದಿರುವುದರಿಂದ, ಅಲ್ಲಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಲಿನಕ್ಸ್ ಎಂಬುದು ಸಾಹಸವಲ್ಲ, ಪಾಠ. ೨೦೧೯ರಲ್ಲಿ ಆ ರಾಜ್ಯದ ಕೈಟ್ ಎಂಬ ಸಂಸ್ಥೆ ಎರಡು ಲಕ್ಷಕ್ಕೂ ಮಿಕ್ಕ ಶಾಲಾ ಗಣಕಗಳಿಗೆ ಹೊಸ ಆವೃತ್ತಿಯನ್ನು ಸಿದ್ಧಪಡಿಸಿ, ಇದರಿಂದ ೩೦೦೦ ಕೋಟಿ ರೂಪಾಯಿಗಳ ಉಳಿತಾಯವಾಗುವುದೆಂದು ಸಾರಿತು. ಭಾಗಿಸಿ ನೋಡಿದರೆ ಯಂತ್ರವೊಂದಕ್ಕೆ ಒಂದೂವರೆ ಲಕ್ಷವಾಯಿತು. ಕೊಳ್ಳಬಹುದಾಗಿದ್ದ ತಂತ್ರಾಂಶಗಳನ್ನೆಲ್ಲ ಕೂಡಿಸಿದ ಬಲು ಉದಾರವಾದ ಲೆಕ್ಕವದು. ಅದನ್ನು ಹತ್ತನೆಯ ಒಂದಕ್ಕೆ ಇಳಿಸಿದರೂ ಉಳಿಯುವುದು ಅಲ್ಪವಲ್ಲ.

ಇನ್ನು ಅಕ್ಷರದ ಮಾತು. ಕೋಲಾರದ ಬಳಿಯ ವಕ್ಕಲೇರಿಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನು ೭೫೭ರಲ್ಲಿ ಹೊರಡಿಸಿದ ತಾಮ್ರಶಾಸನ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅವನ ತಂದೆ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದೂ ಅದನ್ನು ಹಾಳುಮಾಡದೆ ಬಿಟ್ಟ ಸಂಗತಿ ಅದರಲ್ಲಿದೆ. ಸಾವಿರದ ಇನ್ನೂರು ವರ್ಷ ಕಳೆದ ಮೇಲೂ ವಿದ್ವಾಂಸರು ಅದನ್ನು ಓದಬಲ್ಲವರಾದರು. ಕೊರೆದವನ ಉಳಿಯನ್ನು ಯಾರೂ ಅವರಿಂದ ಕೇಳಲಿಲ್ಲ. ಲಿಪಿ ಎಲ್ಲರ ಸ್ವತ್ತು, ಕಲಿತವರೆಲ್ಲ ಓದಬಹುದು. ಇದಕ್ಕೆ ಎದುರಾಗಿ, ಇಪ್ಪತ್ತೈದು ವರ್ಷದ ಹಿಂದೆ ಕನ್ನಡದಲ್ಲಿ ಬೆರಳಚ್ಚಾದ ಕಡತವೊಂದನ್ನು ಇಂದು ತೆರೆದು ನೋಡಿ. ಅನೇಕ ವೇಳೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂದಿನ ತಂತ್ರಜ್ಞರಿಗೆ ಬೇರೆ ದಾರಿಯಿರದೆ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದರು. ಆಯಾ ಅಕ್ಷರಶೈಲಿ ಯಂತ್ರದಲ್ಲಿದ್ದರೆ ಕನ್ನಡ, ಇಲ್ಲವಾದರೆ ಗೊಜಲು.

ಈ ತೊಡಕನ್ನು ಬಿಡಿಸಿದುದು ಯೂನಿಕೋಡ್. ಲಿನಕ್ಸ್ ಹುಟ್ಟಿದ ೧೯೯೧ರಲ್ಲಿಯೇ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ೧೨೮ ಸ್ಥಾನಗಳನ್ನು ಮೀಸಲಿಟ್ಟರು. ಕ-ಕಾರ ೩೨೨೧, ಷ-ಕಾರ ೩೨೫೫, ಸ್ವರವನ್ನು ಅಡಗಿಸುವ ವಿರಾಮಚಿಹ್ನೆ ೩೨೭೭. ‘ಕ್ಷ’ ಎಂದು ಬರೆದಾಗ ಕಡತದಲ್ಲಿ ಕೂರುವುದು ೩೨೨೧, ೩೨೭೭, ೩೨೫೫ ಎಂಬ ಮೂರು ಸಂಖ್ಯೆಗಳು. ಒತ್ತಕ್ಷರದ ಚಿತ್ರವನ್ನು ಬಿಡಿಸುವುದು ಆಮೇಲಿನ ಕೆಲಸ. ಇದು ಲಿನಕ್ಸಿನ ಹೆಗ್ಗಳಿಕೆಯೇನಲ್ಲ, ವಿಂಡೋಸೂ ಯೂನಿಕೋಡನ್ನು ಬಳಸುತ್ತದೆ. ಇಲ್ಲಿ ಹೇಳಲು ಕಾರಣವಿಷ್ಟೆ: ವ್ಯವಸ್ಥೆ ಬದಲಿಸುವ ಮುನ್ನ ಹಳೆಯ ನುಡಿ ಅಥವಾ ಬರಹದ ಕಡತಗಳಿದ್ದರೆ, ಅವು ಸರಿಯಾಗಿ ಕಾಣುತ್ತಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಹೊಸ ಮನೆಗೆ ಬಂದ ಮೇಲೆ ಆ ಕೆಲಸ ತೊಡಕಿನದು.

ಲಿನಕ್ಸಿನಲ್ಲಿ ಕನ್ನಡ ಬರೆಯಲು ಹೊರಗಿನ ತಂತ್ರಾಂಶ ಬೇಕಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ಸಂಕ್ಷೇಪವಾದ ‘ಕಗಪ’ ಎಂಬ ಹೆಸರಿನಲ್ಲಿ ವ್ಯವಸ್ಥೆಯೊಳಗೇ ಇದೆ. ನುಡಿಯಲ್ಲಿ ಬೆರಳಚ್ಚು ಕಲಿತವರ ಬೆರಳುಗಳಿಗೆ ಹೊಸ ಪಾಠವಿಲ್ಲ. ನವಿಲು, ಗುಬ್ಬಿ ಎಂಬ ಚೆಲುವಾದ ಹೆಸರಿನ ಮುಕ್ತ ಅಕ್ಷರಶೈಲಿಗಳೂ ಉಂಟು. ಪರದೆಯ ಮೇಲಿನ ಆದೇಶಗಳ ಕನ್ನಡಾನುವಾದ ಮಾತ್ರ ಇನ್ನೂ ಅಪೂರ್ಣ, ಕೆಲವೆಡೆ ಬಿರುಸು. ಆದರೆ ಇಲ್ಲಿ ಅನುವಾದ ಸರಿಯಿಲ್ಲವೆಂದು ಕಂಡ ವಿದ್ಯಾರ್ಥಿ ಯಾವ ಸಂಸ್ಥೆಗೂ ಅರ್ಜಿ ಹಾಕಬೇಕಾಗಿಲ್ಲ. ತಾನೇ ತಿದ್ದಿ ಕಳುಹಿಸಬಹುದು.

ಈಗ ಬದಲಾವಣೆಯ ಕ್ರಮ. ಲಿನಕ್ಸ್ ತಿರುಳಿನ ಸುತ್ತ ಬೇರೆ ಬೇರೆ ತಂಡಗಳು ಬೇರೆ ಬೇರೆ ಸಂಪುಟಗಳನ್ನು ಕಟ್ಟಿವೆ: ೧೯೯೩ರ ಡೆಬಿಯನ್, ೨೦೦೪ರ ಉಬುಂಟು, ೨೦೦೬ರ ಲಿನಕ್ಸ್ ಮಿಂಟ್, ಚೆನ್ನೈಯ ಸಿಡ್ಯಾಕ್ ರೂಪಿಸಿದ ಬಾಸ್ ಇತ್ಯಾದಿ. ವಿಂಡೋಸಿಗೆ ಒಗ್ಗಿದ ಕಣ್ಣಿಗೆ ಮಿಂಟ್ ಬೇಗ ಹಿಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ನೆನಪು ೪ ಗಿಗಾಬೈಟ್ ಇದ್ದರೆ ಸಾಕು. ಯಂತ್ರ ತೀರ ಹಳೆಯದಾದರೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ತೆರೆಯಿರುವ ಬಗೆಯನ್ನು ಆರಿಸಬೇಕು.

ಎಲ್ಲಕ್ಕಿಂತ ಮೊದಲು ಚಿತ್ರ, ಪತ್ರ, ಅಂಕಪಟ್ಟಿ ಮುಂತಾದ ನಿಮ್ಮ ಕಡತಗಳನ್ನು ಬೇರೊಂದು ತಟ್ಟೆಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಈ ಸಾಲನ್ನು ಓದಿ ಮುಂದೆ ಹೋಗುವವರೇ ಹೆಚ್ಚು, ಅಳುವವರೂ ಅವರೇ. ಬಳಿಕ ಸಂಪುಟದ ಅಧಿಕೃತ ತಾಣದಿಂದ ಐಎಸ್‌ಒ ಎಂಬ ಒಂದೇ ದೊಡ್ಡ ಕಡತವನ್ನು ಇಳಿಸಿಕೊಳ್ಳಬೇಕು. ದಾರಿಯಲ್ಲಿ ಅದು ಕೆಟ್ಟಿಲ್ಲವೆಂದು ತಿಳಿಯಲು ತಾಣದವರು ೬೪ ಚಿಹ್ನೆಗಳ ಒಂದು ಮುದ್ರೆಯನ್ನು ಪ್ರಕಟಿಸಿರುತ್ತಾರೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ನಿಮ್ಮ ಯಂತ್ರ ಲೆಕ್ಕ ಹಾಕಿದ ಮುದ್ರೆ ಅದರೊಡನೆ ಹೊಂದಿದರೆ ಕಡತ ಸರಿಯಾಗಿದೆ. ಆಮೇಲೆ ೮ ಗಿಗಾಬೈಟಿನ ಪೆನ್ ಡ್ರೈವಿಗೆ ರೂಫಸ್‌ನಂತಹ ಸಾಧನದಿಂದ ಅದನ್ನು ಬರೆಯಬೇಕು. ಸುಮ್ಮನೆ ನಕಲು ಮಾಡಿದರೆ ಯಂತ್ರ ಅದರಿಂದ ಎಚ್ಚರಗೊಳ್ಳದು.

ಪೆನ್ ಡ್ರೈವನ್ನು ಸಿಕ್ಕಿಸಿ, ಯಂತ್ರ ಏಳುವಾಗ ತಯಾರಕರು ಗೊತ್ತುಮಾಡಿದ ಕೀಲಿಯನ್ನು, ಸಾಮಾನ್ಯವಾಗಿ ಎಫ್ ೧೨ ಅಥವಾ ಎಸ್ಕೇಪ್, ಒತ್ತಿದರೆ ಎಲ್ಲಿಂದ ಏಳಬೇಕೆಂಬ ಪಟ್ಟಿ ಕಾಣುತ್ತದೆ. ಈ ಘಟ್ಟ ಬಹಳ ಸ್ವಾರಸ್ಯದ್ದು. ತಟ್ಟೆಯನ್ನು ಮುಟ್ಟದೆಯೇ ಇಡೀ ವ್ಯವಸ್ಥೆ ಪೆನ್ ಡ್ರೈವಿನಿಂದ ನೆನಪಿಗೆ ಬಂದು ನಡೆಯತೊಡಗುತ್ತದೆ. ಒಂದೆರಡು ದಿನ ಹೀಗೆಯೇ ಬಳಸಿ ನೋಡಿ. ವೈಫೈ ಹಿಡಿಯುತ್ತದೆಯೆ, ಧ್ವನಿ ಬರುತ್ತದೆಯೆ, ಮುದ್ರಕ ಓಡುತ್ತದೆಯೆ ಎಂಬುದೆಲ್ಲ ಆಗಲೇ ತಿಳಿಯುತ್ತದೆ. ಹಿಡಿಸದಿದ್ದರೆ ಯಂತ್ರವನ್ನು ಆರಿಸಿ ಪೆನ್ ಡ್ರೈವನ್ನು ಕಿತ್ತರೆ ವಿಂಡೋಸ್ ಇದ್ದಂತೆಯೇ ಇರುತ್ತದೆ.

ಹಿಡಿಸಿದರೆ ಸ್ಥಾಪನೆ. ಅದು ಒಂದು ಗಂಟೆಯೊಳಗಿನ ಕೆಲಸ. ಮುಖ್ಯವಾದ ಪ್ರಶ್ನೆ ಒಂದೇ: ತಟ್ಟೆಯನ್ನೆಲ್ಲ ಅಳಿಸಬೇಕೆ, ಇಲ್ಲವೆ ವಿಂಡೋಸಿನ ಪಕ್ಕದಲ್ಲಿ ಜಾಗ ಮಾಡಬೇಕೆ? ಮೊದಲ ಸಲ ಪಕ್ಕದಲ್ಲಿರಿಸುವುದೇ ಲೇಸು. ಆಗ ಯಂತ್ರ ಏಳುವಾಗಲೆಲ್ಲ ಎರಡರಲ್ಲಿ ಒಂದನ್ನು ಆರಿಸಬಹುದು. ತಟ್ಟೆಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ಚೇತರಿಕೆಯ ಕೀಲಿಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಹೊಸ ವ್ಯವಸ್ಥೆಯಲ್ಲಿ ಬರವಣಿಗೆಗೂ ಲೆಕ್ಕಕ್ಕೂ ಲಿಬ್ರೆಆಫೀಸ್, ಜಾಲಕ್ಕೆ ಫೈರ್‌ಫಾಕ್ಸ್ ಸಿದ್ಧವಾಗಿಯೇ ಇರುತ್ತವೆ. ಬೇರೆ ತಂತ್ರಾಂಶ ಬೇಕಾದರೆ ಕಂಡಕಂಡ ತಾಣಗಳನ್ನು ಹುಡುಕದೆ ಸಂಪುಟದ ಭಂಡಾರದಿಂದಲೇ ಪಡೆಯಬೇಕು. ಅಲ್ಲಿನ ಪೊಟ್ಟಣಗಳಿಗೆ ಅಂಕಿತವಿರುವುದು, ಆಡಳಿತದ ಗುಪ್ತಪದವಿಲ್ಲದೆ ವ್ಯವಸ್ಥೆಯ ಕಡತಗಳನ್ನು ಬದಲಿಸಲಾಗದಿರುವುದು - ಈ ಎರಡರಿಂದಾಗಿ ವೈರಸ್ಸಿನ ಕಾಟ ಕಡಮೆ. ಇಲ್ಲವೇ ಇಲ್ಲವೆನ್ನುವವರ ಮಾತನ್ನು ನಂಬಬೇಡಿ.

ಕೊರತೆಗಳನ್ನೂ ಹೇಳಬೇಕು. ಟ್ಯಾಲಿ, ಫೋಟೋಶಾಪ್ ಮುಂತಾದವು ಲಿನಕ್ಸಿಗಾಗಿ ತಯಾರಾದವಲ್ಲ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ವಿಂಡೋಸನ್ನು ಪಕ್ಕದಲ್ಲಿ ಉಳಿಸಿಕೊಳ್ಳದೆ ಗತಿಯಿಲ್ಲ. ಕೆಲವು ಆಟಗಳು ಓಡುವುದಿಲ್ಲ. ವರ್ಡ್‌ನಲ್ಲಿ ಮಾಡಿದ ಕಡತ ಲಿಬ್ರೆಆಫೀಸಿನಲ್ಲಿ ತೆರೆಯುತ್ತದೆಯಾದರೂ ಕೋಷ್ಟಕಗಳ ಅಂಚು ಅಲ್ಲಲ್ಲಿ ಸರಿಯುತ್ತದೆ. ಕಾಲೇಜಿಗೆ ಒಪ್ಪಿಸುವ ಪ್ರಬಂಧವನ್ನು ಪಿಡಿಎಫ್ ಮಾಡಿ ಕಳುಹಿಸುವುದು ಕ್ಷೇಮ. ಸ್ಥಾಪನೆ ಮುಗಿಯಿತೆಂದು ಪೆನ್ ಡ್ರೈವನ್ನು ಅಳಿಸಿ ಹಾಡು ತುಂಬಿಸಬೇಡಿ. ಮುಂದೊಂದು ದಿನ ಯಂತ್ರ ಏಳದೆ ಹೋದರೆ ಅದರಿಂದಲೇ ಎಬ್ಬಿಸಿ, ತಟ್ಟೆ ಸರಿಯಿರುವ ಪಕ್ಷದಲ್ಲಿ, ಒಳಗಿನ ಕಡತಗಳನ್ನು ಹೊರಗೆ ತೆಗೆದುಕೊಳ್ಳಬಹುದು.