ಕಾಲುದಾರಿಯ ಹಕ್ಕು

'ದೇಶ ಸುತ್ತು, ಕೋಶ ಓದು' ಎಂಬುದು ಹಿರಿಯರ ಮಾತು. ದೇಶ ಸುತ್ತುವ ಸಾಧನಗಳು ಇಂದು ಅನೇಕವಾಗಿವೆ. ರೈಲು, ಮೋಟಾರು, ವಿಮಾನಗಳು ದೂರವನ್ನು ಕುಗ್ಗಿಸಿವೆ. ಆದರೂ ಬೆಟ್ಟದ ಏರು, ಹೊಲದ ತಿರುವು, ಹಳ್ಳದ ತಂಪು ಇವುಗಳ ನಿಜವಾದ ಪರಿಚಯವಾಗಬೇಕಾದರೆ ಕಾಲುನಡಿಗೆಯೇ ಬೇಕು. ಇದನ್ನು ಚೆನ್ನಾಗಿ ಅರಿತವರಲ್ಲಿ ಇಂಗ್ಲೆಂಡಿನ ಜನರೂ ಸೇರಿದ್ದಾರೆ. ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಕಡೆ ದುಡಿದವರು, ನೆರೆಹೊರೆಯವರು, ಹೀಗೆ ಏಳೆಂಟು ಮಂದಿ ಗೆಳೆಯರು ಕೂಡಿ, ವರ್ಷಕ್ಕೊಮ್ಮೆ ಒಂದು ವಾರಾಂತ್ಯವನ್ನು ನಡಿಗೆಗಾಗಿಯೇ ಮೀಸಲಿಡುವ ವಾಡಿಕೆ ಅಲ್ಲಿದೆ. ಮದುವೆ, ಉದ್ಯೋಗಗಳ ಕಾರಣದಿಂದ ಬೇರೆ ಬೇರೆ ಊರುಗಳಿಗೆ ಚದುರಿಹೋದ ಗೆಳೆಯರನ್ನು ಈ ಎರಡು ದಿನಗಳು ಮತ್ತೆ ಒಂದುಗೂಡಿಸುತ್ತವೆ.

ಇಂತಹ ನಡಿಗೆಗೆ ಹೆಸರಾದ ಪ್ರದೇಶಗಳಲ್ಲಿ ಉತ್ತರ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಒಂದು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ದೊಡ್ಡ ಕೈಗಾರಿಕಾ ನಗರಗಳ ನಡುವೆ ಈ ಬೆಟ್ಟದ ಸೀಮೆ ಹರಡಿಕೊಂಡಿದೆ. ಎರಡು ನಗರಗಳನ್ನು ಕೂಡಿಸುವ ರೈಲುಮಾರ್ಗದಲ್ಲಿ ಈಡೇಲ್ ಎಂಬ ಹಳ್ಳಿಯಿದೆ. ಶುಕ್ರವಾರ ಸಂಜೆ ಅಲ್ಲಿ ಇಳಿದ ಗೆಳೆಯರ ಗುಂಪು ತಂಗುದಾಣದಲ್ಲಿ ರಾತ್ರಿ ಕಳೆದು, ಶನಿವಾರ ಬೆಳಿಗ್ಗೆ ನಡಿಗೆಯನ್ನು ಆರಂಭಿಸುತ್ತದೆ. ಎದುರಿಗೆ ನಿಂತಿರುವುದು 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಬೆಟ್ಟ.

ಬೆಟ್ಟ ಹತ್ತುವ ಮೊದಲು ಸಿದ್ಧತೆ ಅವಶ್ಯಕ. ಭೂಪಟ, ದಿಕ್ಸೂಚಿ, ಮಳೆಯಂಗಿ, ಬುತ್ತಿ, ನೀರು ಇವಿಷ್ಟು ಚೀಲದಲ್ಲಿ ಇರಲೇಬೇಕು. ಸಂಜೆಯೊಳಗೆ ಗುರಿ ಸೇರುವೆವೆ ಎಂಬುದನ್ನು ಲೆಕ್ಕ ಹಾಕುವ ಒಂದು ಸರಳ ಸೂತ್ರವೂ ಅವರಲ್ಲಿದೆ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಇದನ್ನು ರೂಪಿಸಿದನು. ಸುಮಾರು ಐದು ಕಿಲೋಮೀಟರ್ ದೂರಕ್ಕೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಹಾಗಾದರೆ 15 ಕಿಲೋಮೀಟರ್ ದೂರವನ್ನು 600 ಮೀಟರ್ ಏರಿನೊಂದಿಗೆ ಕ್ರಮಿಸಲು ನಾಲ್ಕು ಗಂಟೆ ಬೇಕು. ವಿಶ್ರಾಂತಿಯ ಸಮಯ ಇದರಲ್ಲಿ ಸೇರಿಲ್ಲ. ಸೂತ್ರಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವಿದೆ. ಗುಂಪಿನಲ್ಲಿ ಯಾರು ಎಲ್ಲರಿಗಿಂತ ನಿಧಾನವೋ ಅವರ ವೇಗವೇ ಗುಂಪಿನ ವೇಗ. ವರ್ಷಗಳು ಕಳೆದಂತೆ ಮುಂದಿದ್ದವರು ಹಿಂದಾಗುತ್ತಾರೆ. ಹಿಂದಿನವರಿಗಾಗಿ ಮುಂದಿನವರು ಕಾಯುವುದನ್ನು ಕಲಿಯುತ್ತಾರೆ.

ಹಳ್ಳಿ ದಾಟಿದ ಕೂಡಲೇ ದಾರಿಯು ರೈತರ ಜಮೀನುಗಳ ನಡುವೆ ಸಾಗುತ್ತದೆ. ಕುರಿಗಳು ಮೇಯುವ ಹುಲ್ಲುಗಾವಲುಗಳ ಸುತ್ತ ಕಲ್ಲನ್ನು ಕಲ್ಲಿನ ಮೇಲಿಟ್ಟು ಕಟ್ಟಿದ ಗೋಡೆಗಳಿವೆ. ಗೋಡೆಗೆ ದಾರಿ ಬಂದು ಮುಟ್ಟಿದಲ್ಲಿ ಬಾಗಿಲು ಇರುತ್ತದೆ, ಇಲ್ಲವೆ ಹತ್ತಿ ದಾಟುವ ಮೆಟ್ಟಿಲಿರುತ್ತದೆ. ನಮ್ಮ ಕರಾವಳಿ, ಮಲೆನಾಡುಗಳ ತೋಟದ ಬೇಲಿಯಲ್ಲಿ ಕಾಣುವ ತಡಮೆಯಂತಹುದೇ ಇದು. ಮನುಷ್ಯ ದಾಟಬಹುದು, ದನಕುರಿ ದಾಟಲಾರವು. ಪಕ್ಕದ ಕಂಬದ ಮೇಲೆ ಹಳದಿ ಬಣ್ಣದ ಬಾಣದ ಗುರುತು. ಈ ದಾರಿಯಲ್ಲಿ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಹೋಗಬಹುದೆಂಬುದು ಅದರ ಅರ್ಥ. ನೆಲ ರೈತನದು, ಆದರೆ ಅದರ ಮೇಲೆ ನಡೆಯುವ ಹಕ್ಕು ಸಾರ್ವಜನಿಕರದು. ದಾರಿಯನ್ನು ಮುಚ್ಚುವ ಅಧಿಕಾರ ಭೂಮಾಲೀಕನಿಗಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡರಲ್ಲಿಯೂ ಇಂತಹ ಸಾರ್ವಜನಿಕ ಹಕ್ಕಿನ ಹಾದಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್.

ಜಮೀನುಗಳು ಮುಗಿದ ಮೇಲೆ ಹೊರೆಕುದುರೆಗಳು ಸಾಗುತ್ತಿದ್ದ ಹಳೆಯ ದಾರಿಯೊಂದು ಕಡಿದಾಗಿ ಏರುತ್ತದೆ. ಮೇಲೆ ತಲುಪಿದರೆ ಮರಗಳಿಲ್ಲದ ವಿಶಾಲ ಬಯಲು. ಕಾಲಡಿಯಲ್ಲಿ ಪೀಟ್ ಎಂಬ ಕಪ್ಪು ಜೌಗುಮಣ್ಣು; ಅಲ್ಲಲ್ಲಿ ಹೆದರ್ ಎಂಬ ಕುರುಚಲು ಗಿಡ. ಬಯಲಿನ ಅಂಚಿನಿಂದ ತೊರೆಯೊಂದು ಸುಮಾರು 30 ಮೀಟರ್ ಆಳಕ್ಕೆ ಧುಮುಕುತ್ತದೆ. ಪಶ್ಚಿಮದ ಗಾಳಿ ಬಲವಾಗಿ ಬೀಸಿದಾಗ ಬೀಳುವ ನೀರು ತುಂತುರಾಗಿ ಮೇಲಕ್ಕೇ ಹಾರುವ ಸೋಜಿಗವನ್ನು ಇಲ್ಲಿ ಕಾಣಬಹುದು. ಬಂಡೆಯ ಮರೆಯಲ್ಲಿ ಕುಳಿತು ಗೆಳೆಯರು ಬುತ್ತಿ ಬಿಚ್ಚುತ್ತಾರೆ. ಬಳಿಕ ವಿಲಿಯಂ ಕ್ಲಫ್ ಎಂಬ ಕಣಿವೆಯಲ್ಲಿ ಇಳಿದು ಹೇಫೀಲ್ಡ್ ಎಂಬ ಊರನ್ನು ಸೇರುತ್ತಾರೆ. ಮರುದಿನ ಬೆಟ್ಟವನ್ನು ಇನ್ನೊಂದು ದಾರಿಯಿಂದ ದಾಟಿ ಈಡೇಲ್‌ಗೆ ಮರಳುತ್ತಾರೆ.

ಇಷ್ಟು ಸಹಜವಾಗಿ ತೋರುವ ಈ ನಡಿಗೆ ಒಂದು ಕಾಲದಲ್ಲಿ ಅಸಾಧ್ಯವಾಗಿತ್ತು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅನೇಕ ಶಾಸನಗಳ ಮೂಲಕ ಊರಿನವರು ಸಮಾನವಾಗಿ ಬಳಸುತ್ತಿದ್ದ ಗೋಮಾಳ, ಬಯಲುಗಳಿಗೆ ಬೇಲಿ ಹಾಕಿಸಿ ಖಾಸಗಿ ಒಡೆತನಕ್ಕೆ ಸೇರಿಸಿತು. ಬೆಟ್ಟದ ಬಯಲುಗಳು ಶ್ರೀಮಂತರ ಬೇಟೆಯ ತಾಣಗಳಾದವು. ಗ್ರೌಸ್ ಎಂಬ ಹಕ್ಕಿಯನ್ನು ಗುಂಡಿಟ್ಟು ಹೊಡೆಯುವುದು ಅವರ ವಿನೋದ. ಹಕ್ಕಿಗಳಿಗೆ ತೊಂದರೆಯಾಗದಂತೆ ಜನರನ್ನು ದೂರವಿಡಲು ಕಾವಲುಗಾರರನ್ನು ನೇಮಿಸಿದ್ದರು. ಅದೇ ಕಾಲದಲ್ಲಿ ಕೆಳಗಿನ ನಗರಗಳಲ್ಲಿ ಗಿರಣಿಗಳು ಬೆಳೆದವು. ಹೊಗೆ, ಧೂಳು, ಗದ್ದಲಗಳ ನಡುವೆ ವಾರವಿಡೀ ದುಡಿಯುತ್ತಿದ್ದ ಕಾರ್ಮಿಕನಿಗೆ ಭಾನುವಾರವೊಂದೇ ಬಿಡುವು. ಶುದ್ಧವಾದ ಗಾಳಿಯಿದ್ದ ಬೆಟ್ಟ ಕಣ್ಣಿಗೆ ಕಾಣುತ್ತಿತ್ತು. ಆದರೆ ಕಾಲಿಗೆ ಎಟುಕುತ್ತಿರಲಿಲ್ಲ.

ಹಳೆಯ ಕಾಲುದಾರಿಗಳನ್ನು ಉಳಿಸಿಕೊಳ್ಳಲು ಜನರು ಸಂಘಗಳನ್ನು ಕಟ್ಟಿದರು. 1826ರಲ್ಲಿಯೇ ಮ್ಯಾಂಚೆಸ್ಟರಿನಲ್ಲಿ ಅಂತಹ ಒಂದು ಸಂಘ ಹುಟ್ಟಿತು. 1884ರಲ್ಲಿ ಜೇಮ್ಸ್ ಬ್ರೈಸ್ ಎಂಬ ಸದಸ್ಯನು ಸ್ಕಾಟ್ಲೆಂಡಿನ ಬೆಟ್ಟಗಳು ಜನರಿಗೆ ತೆರೆದಿರಬೇಕೆಂಬ ಮಸೂದೆಯನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಿದನು, ಅದು ಅಂಗೀಕಾರವಾಗಲಿಲ್ಲ. 1897ರಲ್ಲಿ, ದೀರ್ಘ ಪ್ರಯತ್ನದ ಫಲವಾಗಿ, ಹೇಫೀಲ್ಡ್‌ನಿಂದ ವಿಲಿಯಂ ಕ್ಲಫ್ ಮೂಲಕ ಒಂದು ದಾರಿ ತೆರೆಯಿತು. ಆದರೆ ಅದು ದಾರಿ ಮಾತ್ರ. ಅದನ್ನು ಬಿಟ್ಟು ಬೆಟ್ಟದ ನೆತ್ತಿಯ ಕಡೆಗೆ ಹೆಜ್ಜೆಯಿಡುವಂತಿರಲಿಲ್ಲ.

1932ರ ಏಪ್ರಿಲ್ 24, ಭಾನುವಾರ. ಆ ಹೆಜ್ಜೆಯನ್ನು ಇಡಲೇಬೇಕೆಂದು ನಿಶ್ಚಯಿಸಿ ಸುಮಾರು 400 ಮಂದಿ ಹೇಫೀಲ್ಡ್‌ನ ಕಲ್ಲುಗಣಿಯೊಂದರಲ್ಲಿ ಸೇರಿದರು. ಅವರಲ್ಲಿ ಬಹುಮಂದಿ ತರುಣ ಕಾರ್ಮಿಕರು. ಅವರ ಮುಂದಾಳಾದ ಬೆನ್ನಿ ರಾತ್‌ಮನ್‌ಗೆ ಆಗ ಕೇವಲ ಇಪ್ಪತ್ತು ವರ್ಷ. ಕಣಿವೆಯಲ್ಲಿ ಸಾಗುತ್ತಿದ್ದ ಗುಂಪು ದಾರಿಯನ್ನು ಬಿಟ್ಟು ಇಳಿಜಾರನ್ನು ಏರತೊಡಗಿತು. ಕಾವಲುಗಾರರು ಅಡ್ಡಬಂದರು. ತಳ್ಳಾಟ ನಡೆಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಆದರೂ ಗುಂಪು ಮೇಲೇರಿತು. ಈಡೇಲ್ ಕಡೆಯಿಂದ ಬಂದ ಇನ್ನೊಂದು ಗುಂಪು ಅವರನ್ನು ಬೆಟ್ಟದ ಮೇಲೆ ಕೂಡಿಕೊಂಡಿತು.

ಊರಿಗೆ ಮರಳುವಾಗ ಪೊಲೀಸರು ಕೆಲವರನ್ನು ಬಂಧಿಸಿದರು. ಅನ್ಯರ ಭೂಮಿಯನ್ನು ತುಳಿಯುವುದು ಆ ದೇಶದ ಕಾನೂನಿನ ಪ್ರಕಾರ ಜೈಲಿಗೆ ಕಳುಹಿಸುವಂತಹ ಅಪರಾಧವಾಗಿರಲಿಲ್ಲ. ಆದ್ದರಿಂದ ದೊಂಬಿ, ಹಲ್ಲೆ ಮೊದಲಾದ ಆಪಾದನೆಗಳನ್ನು ಹೊರಿಸಲಾಯಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸವಾಯಿತು. ರಾತ್‌ಮನ್‌ಗೆ ನಾಲ್ಕು ತಿಂಗಳು. ಇಂತಹ ಸಾಹಸದಿಂದ ತಮ್ಮ ಶಾಂತಿಯುತ ಪ್ರಯತ್ನ ಕೆಡುವುದೆಂದು ಹಳೆಯ ನಡಿಗೆಯ ಸಂಘಗಳೇ ಅದನ್ನು ವಿರೋಧಿಸಿದ್ದವು. ಆದರೆ ಶಿಕ್ಷೆಯ ಕಠೋರತೆಯನ್ನು ಕಂಡು ಜನರ ಅನುಕಂಪ ಸೆರೆಯಾಳುಗಳ ಕಡೆಗೆ ಹರಿಯಿತು. ಅರ್ಜಿಗಳು ಮಾಡಲಾಗದ ಕೆಲಸವನ್ನು ಒಂದು ಹೆಜ್ಜೆ ಮಾಡಿತು; ಆ ಹೆಜ್ಜೆ ತಾನೇ ಮುಗಿಸಲಾಗದ ಕೆಲಸವನ್ನು ಮುಂದೆ ತಾಳ್ಮೆಯ ಪ್ರಯತ್ನ ಪೂರೈಸಿತು.

ಆ ಪ್ರಯತ್ನದ ಫಲ ಒಂದೊಂದಾಗಿ ದೊರೆಯಿತು. 1949ರ ಶಾಸನವು ರಾಷ್ಟ್ರೀಯ ಉದ್ಯಾನಗಳ ಸ್ಥಾಪನೆಗೆ ಅವಕಾಶ ನೀಡಿತಲ್ಲದೆ, ಹಕ್ಕಿನ ಹಾದಿಗಳನ್ನೆಲ್ಲ ಭೂಪಟದಲ್ಲಿ ದಾಖಲಿಸಬೇಕೆಂದು ವಿಧಿಸಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1965ರಲ್ಲಿ ಈಡೇಲ್‌ನಿಂದ ಸ್ಕಾಟ್ಲೆಂಡಿನ ಗಡಿಯಾಚೆಯವರೆಗೆ ಸುಮಾರು 430 ಕಿಲೋಮೀಟರ್ ಉದ್ದದ ಪೆನ್ನೈನ್ ಕಾಲುಮಾರ್ಗ ತೆರೆಯಿತು. 2000ದಲ್ಲಿ ಆದ ಮತ್ತೊಂದು ಶಾಸನವು ಬೆಟ್ಟ, ಬಯಲು, ಕುರುಚಲು ಭೂಮಿಗಳಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕನ್ನೂ ಕೊಟ್ಟಿತು. ಇದು ಇಂಗ್ಲೆಂಡಿನ ನೆಲದಲ್ಲಿ ನೂರಕ್ಕೆ ಸುಮಾರು ಎಂಟು ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಕಿಂಡರ್ ಬೆಟ್ಟ 1932ರಲ್ಲಿ ಡೆವನ್‌ಶೈರ್ ಡ್ಯೂಕರ ಒಡೆತನದಲ್ಲಿತ್ತು. ಆ ಘಟನೆಯ ಎಪ್ಪತ್ತನೆಯ ವರ್ಷದ ಸ್ಮರಣೆ 2002ರಲ್ಲಿ ನಡೆದಾಗ, ಅಂದಿನ ಡ್ಯೂಕರ ಮೊಮ್ಮಗ ಅಲ್ಲಿಗೆ ಬಂದು ತಮ್ಮ ಅಜ್ಜನಿಂದ ಆದ ತಪ್ಪಿಗಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ರಾತ್‌ಮನ್ ಅದಕ್ಕೆ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು.

ಹಕ್ಕಿನ ಜೊತೆಗೆ ಹೊಣೆಯೂ ಬರುತ್ತದೆ. ಒಂದು ಬಾಗಿಲನ್ನು ಮುಚ್ಚದೆ ಹೋದರೆ ರೈತನ ಕುರಿಮಂದೆ ರಸ್ತೆಗೆ ಬೀಳುತ್ತದೆ. ಹಗ್ಗ ಬಿಟ್ಟ ನಾಯಿ ಮರಿಗಳನ್ನು ಬೆದರಿಸುತ್ತದೆ, ನೆಲದ ಮೇಲಿನ ಗೂಡುಗಳನ್ನು ತುಳಿಯುತ್ತದೆ. ಒಣಗಿದ ಪೀಟ್ ಮಣ್ಣಿಗೆ ಕಿಡಿ ತಗಲಿದರೆ ಬೆಂಕಿ ನೆಲದೊಳಗೇ ಹಬ್ಬುತ್ತದೆ. ಆದುದರಿಂದ ಬಾಗಿಲನ್ನು ಕಂಡಂತೆಯೇ ಬಿಡಬೇಕು, ನಾಯಿಯನ್ನು ಹಿಡಿತದಲ್ಲಿಡಬೇಕು, ಬೆಂಕಿ ಹೊತ್ತಿಸಬಾರದು, ಕಸವನ್ನು ಚೀಲದಲ್ಲಿಯೇ ಹಿಂದಕ್ಕೆ ತರಬೇಕು ಎಂಬ ನಿಯಮಗಳನ್ನು ನಡೆಯುವವರೆಲ್ಲರೂ ಪಾಲಿಸುತ್ತಾರೆಂದು ನಿರೀಕ್ಷಿಸಲಾಗಿದೆ. ಭೂಮಾಲೀಕನು ದಾರಿಯನ್ನು ಗೌರವಿಸಬೇಕಾದಂತೆ, ದಾರಿಹೋಕನು ಭೂಮಿಯನ್ನು ಗೌರವಿಸಬೇಕು.

ನಡೆಯುವವರ ಪಾದಗಳೇ ಬೆಟ್ಟಕ್ಕೆ ಹಾನಿ ಮಾಡಿದ ಕಾಲವೂ ಬಂದಿತು. ಸಾವಿರಾರು ಜನರ ತುಳಿತದಿಂದ ಪೆನ್ನೈನ್ ಮಾರ್ಗದ ಜೌಗು ಭಾಗಗಳು ಕೆಸರಿನ ಹೊಂಡಗಳಾದವು. ಆಗ ಅಲ್ಲಿ ಕಲ್ಲುಚಪ್ಪಡಿಗಳನ್ನು ಹಾಸಿದರು. ಅವುಗಳಲ್ಲಿ ಅನೇಕವು ಮುಚ್ಚಿಹೋದ ಹಳೆಯ ಗಿರಣಿಗಳ ನೆಲದಿಂದ ಕಿತ್ತು ತಂದವು. ಹಿಂದೆ ಕಾರ್ಮಿಕರು ದಿನವಿಡೀ ನಿಂತು ದುಡಿದ ಕಲ್ಲುಗಳ ಮೇಲೆ ಇಂದು ಗೆಳೆಯರ ಗುಂಪುಗಳು ಮಾತನಾಡುತ್ತ ನಡೆದುಹೋಗುತ್ತವೆ. ವರ್ಷಕ್ಕೊಮ್ಮೆ ಬರುವ ಆ ಎರಡು ದಿನಗಳ ಸಂತೋಷವನ್ನು ಅವರಿಗಾಗಿ ಯಾರೋ ಮೊದಲೇ ಗಳಿಸಿಕೊಟ್ಟಿದ್ದಾರೆ. ಅದನ್ನು ಉಳಿಸಿಕೊಳ್ಳುವ ಬಗೆ ಒಂದೇ: ದಾರಿಯಲ್ಲಿ ನಡೆಯುತ್ತಿರುವುದು, ಮತ್ತು ಬಾಗಿಲನ್ನು ಮರೆಯದೆ ಮುಚ್ಚುವುದು.